ಬೀಜಕ್ಕೆ ಬಿಡದ ತೋಟ

ತಾರಸಿ ತೋಟದ ಮಾತು ಎಲ್ಲಿ ಎದ್ದರೂ ಮೊದಲು ಬರುವ ಪದ 'ವಿಷಮುಕ್ತ'. ಪೇಟೆಯ ಸೊಪ್ಪಿಗೆ ಏನೇನೋ ಔಷಧಿ ಹೊಡೆದಿರುತ್ತಾರೆ, ನಾವೇ ಬೆಳೆದುಕೊಂಡರೆ ಮಕ್ಕಳ ಹೊಟ್ಟೆಗೆ ಒಳ್ಳೆಯದು ಹೋಗುತ್ತದೆ ಎಂಬ ವಾದ. ಒಪ್ಪಬಹುದಾದ ವಾದವೇ. ಆದರೆ ಅಂಥ ತೋಟದ ಮೊದಲ ದಿನ ಹೇಗಿರುತ್ತದೆ ನೋಡಿ. ನರ್ಸರಿಯಿಂದ ತಂದ ಪೊಟ್ಟಣ ಹರಿದರೆ ಅಂಗೈಗೆ ಬೀಳುವ ಬೆಂಡೆ ಬೀಜ ಎಷ್ಟೋ ಸಲ ಗುಲಾಬಿ ಬಣ್ಣದ್ದು. ಬೆಂಡೆ ಬೀಜದ ಹುಟ್ಟುಬಣ್ಣ ಹಸಿರು ಮಿಶ್ರಿತ ಬೂದು. ಥೈರಾಮ್‌ನಂಥ ಶಿಲೀಂಧ್ರನಾಶಕ ಹಚ್ಚಿದ ಬೀಜವನ್ನು ಯಾರೂ ತಿನ್ನದಿರಲಿ ಎಂದು ಎಚ್ಚರಿಸಲು ಬಣ್ಣ ಬೆರೆಸಿರುತ್ತಾರೆ. ಪೊಟ್ಟಣದ ಬೆನ್ನ ಮೇಲೆ, ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಅದನ್ನೇ ಬರೆದೂ ಇರುತ್ತಾರೆ: ಇದು ವಿಷ, ತಿನ್ನಲು, ಮೇವಿಗೆ, ಎಣ್ಣೆಗೆ ಬಳಸಬಾರದು.

ಇದನ್ನು ದೊಡ್ಡದು ಮಾಡುವ ಉದ್ದೇಶ ನನಗಿಲ್ಲ. ಬೀಜಕ್ಕೆ ಹಚ್ಚಿದ ಅಷ್ಟು ಸಣ್ಣ ಲೇಪ ಎರಡು ತಿಂಗಳ ನಂತರದ ಕಾಯಿಯಲ್ಲಿ ಉಳಿದಿರುತ್ತದೆ ಎಂದು ಹೆದರಿಸುವುದು ಸುಳ್ಳಾಗುತ್ತದೆ. ನನ್ನ ತಕರಾರು ಪೊಟ್ಟಣದೊಳಗಿನ ಬಣ್ಣದ ಬಗ್ಗೆ ಅಲ್ಲ, ಪೊಟ್ಟಣದ ಬಗ್ಗೆಯೇ. ಆರು ತಿಂಗಳು ಕಳೆದ ಮೇಲೆ ಅದೇ ಮನೆಯವರು ಅದೇ ಅಂಗಡಿಗೆ ಹೋಗಿ ಅದೇ ಬೆಂಡೆಯ ಇನ್ನೊಂದು ಪೊಟ್ಟಣ ತರುತ್ತಾರೆ. ಒಂದು ಬೆಂಡೆಕಾಯಿಯೊಳಗೆ ನಲವತ್ತೈವತ್ತು ಬೀಜ ಇರುತ್ತವೆ. ಒಂದೇ ಕಾಯಿಯನ್ನು ಗಿಡದಲ್ಲಿಯೇ ಒಣಗಲು ಬಿಟ್ಟಿದ್ದರೆ ಮುಂದಿನ ಮಳೆಗಾಲಕ್ಕೆ ಇಡೀ ಬೀದಿಗೆ ಹಂಚಬಹುದಿತ್ತು. ಬಿಡಲಿಲ್ಲ. ಬಿಡಬೇಕು ಎಂದು ಯಾರೂ ಹೇಳಿಕೊಡಲೂ ಇಲ್ಲ. ಬೀಜಕ್ಕೆ ಬಿಡದ ಕೈತೋಟವನ್ನು ತೋಟ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಅದು ತರಕಾರಿ ಅಂಗಡಿಯ ಒಂದು ಶೆಲ್ಫನ್ನು ಮಾಳಿಗೆಯ ಮೇಲೆ ತಂದಿಟ್ಟುಕೊಂಡ ಹಾಗೆ.

ಈಗ ತೋಟ ಮಾಡುವುದೆಂದರೆ ಮೊದಲು ಒಂದು ಪಟ್ಟಿ ಹಿಡಿದು ಹೊರಡುವುದು. ಪ್ಲಾಸ್ಟಿಕ್ಕಿನ ಗ್ರೋ ಬ್ಯಾಗು, ಇಟ್ಟಿಗೆಯಂತೆ ಒತ್ತಿದ ಕೋಕೋಪೀಟು, ವರ್ಮಿಕಾಂಪೋಸ್ಟು, ಬೇವಿನ ಹಿಂಡಿ, ಸೀವೀಡ್ ದ್ರಾವಣ, ಸಸಿ ಟ್ರೇ, ಬೀಜದ ಪೊಟ್ಟಣ. ಕೋಕೋಪೀಟು ಎಂದರೆ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಪುಡಿ. ನೀರು ಹಿಡಿದುಕೊಳ್ಳುತ್ತದೆ, ಹಗುರವಾಗಿರುತ್ತದೆ, ತಾರಸಿಗೆ ಅದರಿಂದ ಅನುಕೂಲ ಉಂಟು. ಆದರೆ ಅದರಲ್ಲಿ ಗಿಡಕ್ಕೆ ಬೇಕಾದ ಸಾರ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಉಳಿದದ್ದನ್ನೆಲ್ಲ ಬಾಟಲಿಯಿಂದ ಉಣಿಸಬೇಕು. ಬಿಸಿಲಿಗೆ ಚೀಲ ಪುಡಿಯಾದಾಗ ಇನ್ನೊಂದು ಸೆಟ್ಟು. ಈ ಸರಪಳಿಯಲ್ಲಿ ಎಲ್ಲಿಯೂ ತೋಟ ತನ್ನ ಕಾಲ ಮೇಲೆ ನಿಲ್ಲುವ ಕ್ಷಣವೇ ಬರುವುದಿಲ್ಲ. ಹಳೆಯ ಹಿತ್ತಲಿಗೆ ದುಡ್ಡು ಬೇಕಿರಲಿಲ್ಲ ಎಂಬುದು ಅದರ ಬಡತನವಾಗಿರಲಿಲ್ಲ. ಬಚ್ಚಲ ನೀರು, ಒಲೆಯ ಬೂದಿ, ಕೊಟ್ಟಿಗೆಯ ಗೊಬ್ಬರ, ಹೋದ ವರ್ಷದ ಬೀಜ, ಈ ನಾಲ್ಕೂ ಮನೆಯಲ್ಲಿಯೇ ಹುಟ್ಟುತ್ತಿದ್ದವು. ಪೇಟೆ ಮನೆಯಲ್ಲಿ ಮೊದಲ ಮೂರು ಇಲ್ಲ, ಆಯಿತು. ನಾಲ್ಕನೆಯದಕ್ಕೇನಾಗಿದೆ?

ಸೊಪ್ಪುಗಳ ವಿಷಯದಲ್ಲಿ ಇದು ನಗೆಪಾಟಲು ಮುಟ್ಟಿದೆ. ಇಟಾಲಿಯನ್ ಬೇಸಿಲ್ ಎಂದು ಒಂದು ಸಸಿಯನ್ನು ಕುಂಡದಲ್ಲಿಟ್ಟು ಮಾರುತ್ತಾರೆ. ಪಾಸ್ತಾಕ್ಕೆ ಹಾಕಲೆಂದು ಕೊಂಡು ತಂದು, ಬಾಡಿದರೆ ಸಂಕಟಪಡುತ್ತೇವೆ. ಅದರ ಸಸ್ಯಶಾಸ್ತ್ರೀಯ ಹೆಸರು ಓಸಿಮಮ್ ಬೇಸಿಲಿಕಮ್. ನಮ್ಮ ಕಾಮಕಸ್ತೂರಿಯದೂ ಅದೇ ಹೆಸರು, ಅದೇ ಜಾತಿ. ಹೂಮಾಲೆಯ ನಡುವೆ ಪರಿಮಳಕ್ಕೆಂದು ಕಟ್ಟುವ, ಬೇಸಿಗೆಯಲ್ಲಿ ಬೀಜ ನೆನೆಸಿ ಪಾನಕಕ್ಕೆ ಹಾಕುವ ಗಿಡ. ತೆನೆ ಒಣಗಿದಾಗ ಒಮ್ಮೆ ಅಲುಗಿಸಿದರೆ ಮುಂದಿನ ಮಳೆಗೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಎಲೆಯ ಘಮದಲ್ಲಿ ತಳಿಯಿಂದ ತಳಿಗೆ ವ್ಯತ್ಯಾಸವಿದೆ, ಇಲ್ಲವೆನ್ನುವುದಿಲ್ಲ. ಆದರೆ ಆ ವ್ಯತ್ಯಾಸ ತಿಳಿದು ಕೊಳ್ಳುವವರೆಷ್ಟು ಮಂದಿ, ಕಾಮಕಸ್ತೂರಿ ಎಂಬುದೊಂದು ಇದೆ ಎಂದೇ ಗೊತ್ತಿಲ್ಲದೆ ಕೊಳ್ಳುವವರೆಷ್ಟು? ದೊಡ್ಡಪತ್ರೆ ಮೆಕ್ಸಿಕನ್ ಮಿಂಟ್ ಆಗಿದೆ, ಒಂದೆಲಗ ಗೋಟು ಕೋಲಾ ಆಗಿದೆ, ನುಗ್ಗೆ ಸೊಪ್ಪು ಮೋರಿಂಗಾ ಪುಡಿಯಾಗಿ ಡಬ್ಬಿ ಸೇರಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹಳೆಯದು. ಅದನ್ನು ಕಟ್ಟಿದವರಿಗೆ ಹಿತ್ತಲ ಗಿಡಕ್ಕೆ ಬೇರೆ ಹೆಸರಿಟ್ಟು ಹಿತ್ತಲಿನವರಿಗೇ ಮಾರಬಹುದು ಎಂಬುದು ಹೊಳೆದಿರಲಾರದು.

ಹೂವಿನ ಕಡೆಯೂ ಅಷ್ಟೇ. ಚಳಿಗಾಲಕ್ಕೆ ಪೆಟೂನಿಯ ಸಸಿ ತಂದು, ಬಿಸಿಲೇರಿದಾಗ ಕಿತ್ತೆಸೆದು, ಮತ್ತೆ ತರುವುದು. ಕರ್ಣಕುಂಡಲದ ಕಾಯಿ ಬಲಿತು ಮುಟ್ಟಿದರೆ ಸಿಡಿಯುತ್ತದೆ, ಬೀಜವನ್ನು ಅಂಗಳದ ತುಂಬ ತಾನೇ ಬಿತ್ತಿಕೊಳ್ಳುತ್ತದೆ. ಸಂಜೆಮಲ್ಲಿಗೆ ಬುಡದಲ್ಲಿ ಮೆಣಸಿನ ಕಾಳಿನಂಥ ಕಪ್ಪು ಬೀಜ ಉದುರಿಸುತ್ತದೆ. ಇವಕ್ಕೆ ನಾವು ಮಾಡಬೇಕಾದ ಕೆಲಸ ಗುಡಿಸದೆ ಬಿಡುವುದಷ್ಟೇ.

ಇಷ್ಟು ಹೇಳಿದರೆ ಸಾಹಿತ್ಯದ ಓದುಗರು ತಲೆದೂಗಿ, 'ಹೌದು, ನಮ್ಮ ಅಜ್ಜಿಯ ಹಿತ್ತಲು...' ಎಂದು ಶುರುಮಾಡುತ್ತಾರೆ. ನನ್ನ ನಿಜವಾದ ಜಗಳ ಇರುವುದು ಅಲ್ಲಿ. ವ್ಯಾಪಾರಿ ತನ್ನ ವ್ಯಾಪಾರ ಮಾಡುತ್ತಾನೆ. ಆದರೆ ಅಜ್ಜಿಯ ಹಿತ್ತಲ ಪ್ರಬಂಧ ಎಂಬ ಒಂದು ಪ್ರಕಾರವೇ ನಮ್ಮಲ್ಲಿ ಬೆಳೆದು ನಿಂತಿದೆ. ಅದರ ಅಚ್ಚು ನಿಮಗೂ ಗೊತ್ತು. ಬಸಳೆ ಚಪ್ಪರ, ಬಾವಿಕಟ್ಟೆ, ದಾಸವಾಳ, ಸೆರಗಿನಲ್ಲಿ ಮಲ್ಲಿಗೆ ಮೊಗ್ಗು ತುಂಬಿಕೊಂಡು ಬರುವ ಅಜ್ಜಿ. ನಡುವೆ ತಂಬುಳಿಯ ರುಚಿ. ಕೊನೆಗೆ ನಗರದ ಫ್ಲಾಟು, ಬಾಲ್ಕನಿಯಲ್ಲೊಂದು ತುಳಸಿ, ಒಂದು ನಿಟ್ಟುಸಿರು. ಇಂಥ ಬರಹದಲ್ಲಿ ಅಜ್ಜಿ ಏನು ಬೆಳೆದಳು ಎಂಬುದಿರುತ್ತದೆ. ಹೇಗೆ ಬೆಳೆದಳು ಎಂದು ಬಂದಾಗ ಒಂದೇ ಪದ: ಕೈಗುಣ. 'ಅಜ್ಜಿಯ ಕೈಗುಣ, ಕಡ್ಡಿ ಊರಿದರೂ ಚಿಗುರುತ್ತಿತ್ತು.'

ಈ ಕೈಗುಣ ಎಂಬ ಪದವನ್ನು ಬಿಡಿಸಿ ನೋಡಬೇಕು. ಹೀರೆ ಬಳ್ಳಿಯಲ್ಲಿ ಮೊದಲು ಬಿಟ್ಟ ಕಾಯಿಯನ್ನು ಬೀಜಕ್ಕೆ ಇಡುತ್ತಿರಲಿಲ್ಲ, ಬಳ್ಳಿ ಸೊರಗಿದ ಮೇಲಿನ ಕೊನೆಯ ಕಾಯಿಯನ್ನೂ ಇಡುತ್ತಿರಲಿಲ್ಲ. ಬಳ್ಳಿ ಮೈತುಂಬಿ ನಿಂತಾಗ ನಡುವಿನಲ್ಲಿ ಬಿಟ್ಟ, ನೇರವಾದ, ಹುಳು ಮುಟ್ಟದ ಒಂದೆರಡನ್ನು ಆರಿಸಿ ಅದಕ್ಕೆ ಬಟ್ಟೆಯ ಚೂರು ಕಟ್ಟುತ್ತಿದ್ದರು, ಮನೆಯವರು ಯಾರೂ ಮರೆತು ಕೀಳದಿರಲಿ ಎಂದು. ಅದು ಬಳ್ಳಿಯಲ್ಲಿಯೇ ಒಣಗಿ ಗಲಗಲ ಎಂದ ಮೇಲೆ ಅಡುಗೆಮನೆಯಲ್ಲಿ ಒಲೆಯ ಮೇಲ್ಗಡೆ ತೂಗುಹಾಕುವುದು. ಹೊಗೆಗೆ ಹುಳು ಹತ್ತುವುದಿಲ್ಲ, ಮಳೆಗಾಲದ ತಂಪೂ ತಾಗುವುದಿಲ್ಲ. ಅಲಸಂಡೆ ಕಾಳಿಗೆ ಬೂದಿ ಬೆರೆಸುವುದು, ಏಕೆಂದರೆ ಅದರ ಹುಳು ಕಾಳಿನ ಮೇಲೆ ಮೊಟ್ಟೆಯಿಟ್ಟು ಒಳಗೆ ಕೊರೆಯುವಂಥದ್ದು, ಬೂದಿಯ ನುಣುಪಾದ ಪುಡಿಯಲ್ಲಿ ಅದಕ್ಕೆ ಓಡಾಡಲಾಗುವುದಿಲ್ಲ. ಸೌತೆಯನ್ನು ಹಣ್ಣಾಗಿ ಹಳದಿಗಟ್ಟುವವರೆಗೆ ಬಿಡುವುದು. ಬದನೆಯೂ ಗಿಡದಲ್ಲಿಯೇ ಹಳದಿಯಾಗಬೇಕು. ನಾವು ತಿನ್ನುವ ಬದನೆಯ ಬೀಜ ಎಳಸು, ಅದು ಹುಟ್ಟದು. ಕಹಿ ಬಂದ ಸೋರೆಯ ಬೀಜವನ್ನು ಬಿತ್ತನೆಗೆ ಇಡಬಾರದು, ಆ ಕಾಯಿಯನ್ನು ತಿನ್ನಲೂ ಬಾರದು, ಅದು ವಿಷ.

ಒಳ್ಳೆಯದನ್ನು ಆರಿಸು, ಕೆಟ್ಟದ್ದನ್ನು ಬಿಡು, ಒಣಗಿಸು, ಕಾಪಾಡು, ಮರುವರ್ಷ ಮತ್ತೆ ಆರಿಸು. ಕೃಷಿ ವಿಶ್ವವಿದ್ಯಾಲಯದಲ್ಲಿ ಇದನ್ನು ಕೋಟು ಹಾಕಿಕೊಂಡು ಮಾಡಿದರೆ ತಳಿ ಆಯ್ಕೆ ಎನ್ನುತ್ತೇವೆ, ಮಾಡಿದವರಿಗೆ ವಿಜ್ಞಾನಿ ಎನ್ನುತ್ತೇವೆ. ಸೀರೆಯುಟ್ಟು ಅಡುಗೆಮನೆಯಲ್ಲಿ ಮಾಡಿದರೆ ಕೈಗುಣ. ಗುಣ ಎಂದ ಮೇಲೆ ಅದು ಹುಟ್ಟಿನಿಂದ ಬಂದದ್ದು, ಕಲಿಯಲು ಬರುವಂಥದ್ದಲ್ಲ, ಬರೆದಿಡಬೇಕಾದದ್ದೂ ಅಲ್ಲ. ಆಕೆ ತೀರಿಕೊಂಡಾಗ ಅದೂ ಹೋಯಿತು, ನಮ್ಮ ಪಾಲಿಗೆ ಉಳಿದದ್ದು ನಿಟ್ಟುಸಿರು. ಹೀಗೆ ಹೊಗಳಿ ಹೊಗಳಿಯೇ ಒಂದು ವಿದ್ಯೆಯನ್ನು ಕಳೆದೆವು. ಊರಿಗೆ ಹೋದಾಗ ಆಕೆಯ ಜೊತೆ ಫೋಟೊ ತೆಗೆಸಿಕೊಂಡವರು ಬಹಳ ಜನ. ಅಟ್ಟದ ಮೇಲಿನ ಸೋರೆಬುರುಡೆಯೊಳಗೆ ಏನಿದೆ ಎಂದು ಕೇಳಿದವರು ಎಷ್ಟು ಜನ?

ಈ ಪ್ರಬಂಧಗಳು ಮುಚ್ಚಿಡುವುದು ಇನ್ನೊಂದಿದೆ. ಹಿತ್ತಲು ಎಲ್ಲರಿಗೂ ಇರಲಿಲ್ಲ. ಮನೆಯ ಹಿಂದೆ ನೆಲ ಇದ್ದವರಿಗೆ ಇತ್ತು, ನೆಲ ಯಾರಿಗೆ ಇತ್ತು ಎಂಬುದು ಜಾತಿಯ ಲೆಕ್ಕ. ಬಾವಿಕಟ್ಟೆಯ ಸೊಗಸನ್ನು ಬರೆಯುವಾಗ ಆ ಬಾವಿಯಿಂದ ನೀರು ಸೇದಲು ಯಾರಿಗೆ ಬಿಡುತ್ತಿರಲಿಲ್ಲ ಎಂಬುದು ಬರಬೇಕಿತ್ತು. ಕೇರಿಯ ಕಡೆ, ಎರಡು ಗುಡಿಸಲುಗಳ ನಡುವೆ ಮಾರು ಜಾಗವಿಲ್ಲದ ಕಡೆ, ಬುಡವನ್ನು ಗೋಡೆಯ ಪಕ್ಕಕ್ಕೆ ಊರಿ ಸೋರೆ ಕುಂಬಳಗಳನ್ನು ಹುಲ್ಲಿನ ಮಾಡಿನ ಮೇಲೆ ಹಬ್ಬಿಸಿದರು. ತಾರಸಿ ತೋಟ ಎಂಬುದನ್ನು ನಗರದವರು ಕಂಡುಹಿಡಿದರು ಎಂದುಕೊಂಡಿರುವವರು ಆ ಮಾಡುಗಳನ್ನು ನೆನಪಿಸಿಕೊಳ್ಳಬೇಕು. ಕೋಲಾರ, ಬೆಂಗಳೂರು ಗ್ರಾಮಾಂತರದ ಕಡೆ ಹೆಂಗಸರು ಹೊಲದ ಬದುವಿನಿಂದ ಅಣ್ಣೆ, ಗೋಣಿ, ಹೊನಗೊನೆ ಎಂದು ಹತ್ತಾರು ಬಗೆಯನ್ನು ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ. ಬಿತ್ತದೆ ಬೆಳೆಯುವ ಆ ಸೊಪ್ಪಿನ ಗುರುತು, ಯಾವುದನ್ನು ಬೇರುಸಹಿತ ಕೀಳಬಾರದೆಂಬ ತಿಳಿವು, ಇದೂ ತೋಟಗಾರಿಕೆಯೇ. ಹಿತ್ತಲ ಪ್ರಬಂಧದಲ್ಲಿ ಇದಕ್ಕೆ ಜಾಗ ಸಿಕ್ಕಿದ್ದು ಕಡಿಮೆ. ಆದ್ದರಿಂದ ಹಳೆಯ ಹಿತ್ತಲಿಗೆ ಮರಳೋಣ ಎಂದು ನಾನು ಹೇಳುತ್ತಿಲ್ಲ. ಅಲ್ಲಿಂದ ತರಬೇಕಾದದ್ದು ಬೀಜ ಮತ್ತು ಬೀಜ ಇಡುವ ವಿದ್ಯೆ. ಉಳಿದದ್ದರಲ್ಲಿ ಬಹುಪಾಲು ಅಲ್ಲಿಯೇ ಇರಲಿ.

ಈಗ ಹೈಬ್ರಿಡ್ ಮಾತು. ಹೈಬ್ರಿಡ್ ಬೀಜದಿಂದ ಬಂದ ಕಾಯಿಯ ಬೀಜ ಹುಟ್ಟುವುದೇ ಇಲ್ಲ ಎಂದು ನಂಬಿದವರಿದ್ದಾರೆ. ಅದು ತಪ್ಪು. ಹುಟ್ಟುತ್ತದೆ, ಚೆನ್ನಾಗಿಯೇ ಹುಟ್ಟುತ್ತದೆ. ಆದರೆ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಅದು. ಅದರ ಮಕ್ಕಳು ಒಂದೇ ತೆರನಾಗಿರುವುದಿಲ್ಲ. ಒಂದು ಗಿಡದಲ್ಲಿ ದಪ್ಪ ಟೊಮೆಟೊ, ಪಕ್ಕದ್ದರಲ್ಲಿ ಗೋಲಿಯಷ್ಟು, ಮೂರನೆಯದಕ್ಕೆ ರೋಗ. ಹಾಗಾಗಿ ಮತ್ತೆ ಕೊಳ್ಳಲೇಬೇಕು. ಕಂಪನಿಗೆ ಅದರ ಬೆಲೆ ಇರುವುದೇ ಈ ಗುಣದಲ್ಲಿ. ಈ ಚರಿತ್ರೆಯಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡ ಪಾತ್ರವಿದೆ. ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆ 1973ರಲ್ಲಿ ಮಾರುಕಟ್ಟೆಗೆ ತಂದ ಹೈಬ್ರಿಡ್ ಟೊಮೆಟೊದ ಹೆಸರೇ 'ಕರ್ನಾಟಕ'. 1988ರ ಬೀಜ ನೀತಿ ಹೊರದೇಶದ ಬೀಜಕ್ಕೂ ಬಾಗಿಲು ತೆರೆಯಿತು. ಇಂದು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸುತ್ತಿನ ಹೊಲಗಳಲ್ಲಿ ತರಕಾರಿಗಳ ಹೈಬ್ರಿಡ್ ಬೀಜ ತಯಾರಾಗುತ್ತದೆ. ತಯಾರಿಸುವುದು ಹೇಗೆ? ಅರಳುವ ಮುಂಚೆಯೇ ಮೊಗ್ಗನ್ನು ಬಿಡಿಸಿ ಚಿಮುಟದಿಂದ ಕೇಸರಗಳನ್ನು ಒಂದೊಂದಾಗಿ ಕಿತ್ತು ತೆಗೆಯಬೇಕು. ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಹೂವಿನಿಂದ ಹೂವಿಗೆ, ದಿನಕ್ಕೆ ನೂರಾರು. ಈ ಕೆಲಸದ ಬಹುಪಾಲು ಹೆಂಗಸರ ಬೆರಳಿನದು. ಅಟ್ಟದ ಸೋರೆಬುರುಡೆಯಲ್ಲಿ ಬೀಜ ಇಟ್ಟಾಗ ಅವರ ವಿದ್ಯೆ ಕೈಗುಣವಾಗಿತ್ತು. ಇಲ್ಲಿ ಅದು ದಿನಗೂಲಿ. ಪೊಟ್ಟಣದ ಮೇಲೆ ಕಂಪನಿಯ ಹೆಸರಿದೆ.

ರೈತರ ಬಗ್ಗೆ ಮಾತಾಡುವಾಗ ನಾಲಿಗೆ ಹಿಡಿತದಲ್ಲಿರಬೇಕು. ಸಾಲ ಮಾಡಿ ಎರಡು ಎಕರೆಗೆ ಟೊಮೆಟೊ ಹಾಕಿದವರಿಗೆ ನಾಟಿ ತಳಿ ಹಾಕಿ ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರ ಕೆಲಸ. ಎಲೆ ಮುದುಡುವ ರೋಗ ಬಂದು ಒಂದು ಬೆಳೆ ಕೈಕೊಟ್ಟರೆ ಅವರ ವರ್ಷವೇ ಹೋಗುತ್ತದೆ. ಅವರು ಹೈಬ್ರಿಡ್ ಬೆಳೆಯಲಿ. ಆದರೆ ಇದೇ ಕಾರಣಕ್ಕೆ ಕೈತೋಟದವರ ಹೊಣೆ ದೊಡ್ಡದು. ಹತ್ತು ಕುಂಡದ ತೋಟದಲ್ಲಿ ಬೆಳೆ ಹೋದರೆ ಹೋಗುವುದು ಒಂದು ದಿನದ ಪಲ್ಯ. ಯಾರ ಮಗಳ ಮದುವೆಯೂ ನಿಲ್ಲುವುದಿಲ್ಲ. ಇಳುವರಿ ಕಡಿಮೆಯಿರುವ, ಸಾಗಣೆಗೆ ಬಾಳದ, ಸಿಪ್ಪೆ ತೆಳ್ಳಗಿರುವ, ಆದರೆ ರುಚಿಯಿರುವ ತಳಿಯನ್ನು ಬೆಳೆದುಕೊಳ್ಳುವ ಸ್ವಾತಂತ್ರ್ಯ ಇರುವುದು ತಿನ್ನಲಿಕ್ಕೆ ಬೆಳೆಯುವವರಿಗೆ ಮಾತ್ರ. ಆ ಸ್ವಾತಂತ್ರ್ಯ ಕೈಯಲ್ಲಿಟ್ಟುಕೊಂಡು ನಾವು ಮಾಡುತ್ತಿರುವುದೇನು? ಲಾರಿಯಲ್ಲಿ ದೂರದ ಮಾರುಕಟ್ಟೆಗೆ ಹೋದರೂ ಒಡೆಯದಿರಲಿ ಎಂದು ರೂಪಿಸಿದ ದಪ್ಪ ಸಿಪ್ಪೆಯ ಟೊಮೆಟೊವನ್ನು ಅಡುಗೆಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಬೆಳೆಯುತ್ತಿದ್ದೇವೆ.

ವಿಜ್ಞಾನ ಬೇಡವೆಂದೂ ಅಲ್ಲ. ಬೀಜ ಇಟ್ಟುಕೊಳ್ಳಬಹುದಾದ ತಳಿಗಳನ್ನು ವಿಜ್ಞಾನಿಗಳೂ ಕೊಟ್ಟಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಅನಾಮಿಕ' ಬೆಂಡೆ ಹಳದಿ ನಂಜುರೋಗ ತಡೆಯುವ ಗುಣದ್ದು, ಹೈಬ್ರಿಡ್ ಅಲ್ಲ. ಅದರ ಬೀಜ ಇಟ್ಟು ಬಿತ್ತಿದರೆ ಅದೇ ಬರುತ್ತದೆ. ಅನಾಮಿಕ ಎಂಬ ಹೆಸರು ಮಾತ್ರ ನನಗೆ ಚುಚ್ಚುತ್ತದೆ, ಅದು ಬೇರೆ ಮಾತು.

'ದೇಸಿ' ಎಂದು ಎದೆ ತಟ್ಟಿಕೊಳ್ಳುವವರಿಗೂ ಒಂದು ಮಾತು. ಬಿ.ಜಿ.ಎಲ್. ಸ್ವಾಮಿಯವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂದು ಪುಸ್ತಕವನ್ನೇ ಬರೆದಿದ್ದಾರೆ. ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ, ಕಡಲೆಕಾಯಿ ಎಲ್ಲವೂ ಕಡಲು ದಾಟಿ ಬಂದವು. ನವರಾತ್ರಿಗೆ ಬಾಗಿಲಿಗೆ ಕಟ್ಟುವ ಚೆಂಡುಹೂವು ಮೆಕ್ಸಿಕೊ ಕಡೆಯದು. ಸೀಮೆಬದನೆಯ ಹೆಸರೇ ಅದು ಹೊರಗಿನದೆಂದು ಸಾರುತ್ತದೆ. ಲಾಲ್‌ಬಾಗಿನ ಮೂಲಕ ಇಲ್ಲಿಗೆ ಬಂದು ಎಷ್ಟು ಒಗ್ಗಿತೆಂದರೆ ತಮಿಳರು ಅದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ನಮ್ಮದಾದದ್ದು ಇಲ್ಲಿ ಹುಟ್ಟಿದ್ದರಿಂದ ಅಲ್ಲ. ಇಲ್ಲಿನವರು ತಲೆಮಾರುಗಟ್ಟಲೆ ಬೀಜ ಆರಿಸಿ ಅದಕ್ಕೆ ಆ ಕೆಂಪು, ಆ ಸುಕ್ಕು, ಆ ಸೌಮ್ಯ ಖಾರವನ್ನು ಉಳಿಸಿಕೊಟ್ಟದ್ದರಿಂದ. ದೇಸಿ ಎನ್ನುವುದು ರಕ್ತದಿಂದ ಬರುವುದಲ್ಲ, ಬೀಜ ಇಟ್ಟವರ ಕೆಲಸದಿಂದ ಬರುವುದು. ಅಂಗಡಿಯಿಂದ 'ದೇಸಿ ಬೀಜ' ಎಂಬ ಚೀಟಿ ಅಂಟಿಸಿದ ಪೊಟ್ಟಣವನ್ನು ಪ್ರತಿ ವರ್ಷ ಕೊಳ್ಳುವುದು ಇನ್ನೊಂದು ಬಗೆಯ ಗಿರಾಕಿಯಾಗುವುದಷ್ಟೇ.

ಬದನೆಯ ಕತೆಯನ್ನು ನೆನಪಿಸುತ್ತೇನೆ, ಏಕೆಂದರೆ ಒಂದು ಹಿತ್ತಲ ಬೀಜ ದೇಶದ ಚರ್ಚೆಗೆ ಹೇಗೆ ಬಂತೆಂಬುದು ಅದರಲ್ಲಿದೆ. 2010ರಲ್ಲಿ ಬಿಟಿ ಬದನೆಗೆ ಅನುಮತಿ ಕೊಡಬೇಕೆ ಎಂದು ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಸಾರ್ವಜನಿಕ ಸಭೆ ನಡೆಸಿದರು, ಅದರಲ್ಲಿ ಬೆಂಗಳೂರೂ ಒಂದು. ಆ ಫೆಬ್ರವರಿಯಲ್ಲಿ ಬಿಟಿ ಬದನೆಗೆ ತಡೆ ಬಿತ್ತು. ನಮ್ಮ ಕಡೆಯ ವಾದಗಳಲ್ಲಿ ಮುಂದೆ ನಿಂತದ್ದು ಉಡುಪಿ ಹತ್ತಿರದ ಮಟ್ಟು ಎಂಬ ಊರಿನ ಗುಳ್ಳ. ಹಸಿರು ಗೀರಿನ ದುಂಡು ಬದನೆ, ತೊಟ್ಟಿಗೆ ಮುಳ್ಳು. ಸೋದೆಯ ವಾದಿರಾಜರು ಕೊಟ್ಟ ಬೀಜ ಎಂದು ಊರವರು ನಂಬುತ್ತಾರೆ, ಕೃಷ್ಣಮಠಕ್ಕೆ ಅದು ಇಂದಿಗೂ ಸಲ್ಲುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಐತಿಹ್ಯದ ನಿಜ ಸುಳ್ಳು ಹಾಗಿರಲಿ. ಒಂದು ಸಣ್ಣ ಊರಿನವರು ಪ್ರತಿ ವರ್ಷ ಬೀಜ ಇಟ್ಟುಕೊಂಡು ಬಂದಿದ್ದರಿಂದ ವಾದಿಸಲು ಕೈಯಲ್ಲಿ ಒಂದು ಬದನೆ ಇತ್ತು. ಮೈಸೂರಿನ ಈರನಗೆರೆ ಬದನೆಗೆ, ಉತ್ತರ ಕರ್ನಾಟಕದ ಎಣ್ಣೆಗಾಯಿಗೆಂದೇ ಇರುವ ಮುಳ್ಳುಬದನೆಗೆ ಇಂಥ ಹಟ ಹಿಡಿದವರು ಎಷ್ಟು ಮಂದಿ ಉಳಿದಿದ್ದಾರೆ?

ಕಾನೂನು ಇನ್ನೂ ನಮ್ಮ ಕಡೆಗಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತರು ಸಂರಕ್ಷಿತ ತಳಿಯ ಬೀಜವನ್ನೂ ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಮಾರಬಹುದು. ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಹಾಗಿದ್ದೂ 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಆಲೂಗೆಡ್ಡೆ ತಳಿಯನ್ನು ಬೆಳೆದರೆಂದು ಗುಜರಾತಿನ ಸಣ್ಣ ರೈತರ ಮೇಲೆ ಮೊಕದ್ದಮೆ ಹೂಡಿ, ಒಬ್ಬೊಬ್ಬರಿಂದ ಕೋಟಿ ರೂಪಾಯಿಗೂ ಮೀರಿದ ಪರಿಹಾರ ಕೇಳಿತು. ದೇಶದ ತುಂಬ ಗದ್ದಲವಾದ ಮೇಲೆ ಹಿಂದಕ್ಕೆ ಪಡೆಯಿತು. ಬಳಸದ ಹಕ್ಕು ಕಾಗದದ ಮೇಲೆ ಎಷ್ಟು ದಿನ ಉಳಿಯುತ್ತದೆ? ಬೀಜ ಇಡುವುದು ಯಾರಿಗೂ ಬಾರದು ಎಂದಾದ ಮೇಲೆ ಆ ಹಕ್ಕನ್ನು ಕಿತ್ತುಕೊಳ್ಳಲು ಸಂಸತ್ತೂ ಬೇಕಾಗುವುದಿಲ್ಲ.

ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ: 'ಸೊಗಡು' ಎಂಬ ಪದವನ್ನು ವಿಮರ್ಶೆಯಲ್ಲಿ ಎಷ್ಟು ಸಲ ಬಳಸಿದ್ದೀರಿ? ನೆಲದ ಸೊಗಡು, ಗ್ರಾಮೀಣ ಸೊಗಡು, ಭಾಷೆಯ ಸೊಗಡು. ಹಳೇ ಮೈಸೂರಿನ ಅಡುಗೆಮನೆಯಲ್ಲಿ ಆ ಪದಕ್ಕೆ ಇಂದಿಗೂ ಒಂದು ಖಚಿತ ಅರ್ಥವಿದೆ. ನಾಟಿ ಅವರೆಕಾಯಿ ಬಿಡಿಸಿದಾಗ ಬೆರಳಿಗೆ ಅಂಟಿಕೊಂಡು ಎರಡು ಸಲ ತೊಳೆದರೂ ಹೋಗದ ಘಾಟು ವಾಸನೆ. ನಾಟಿ ಅವರೆ ಹೂ ಬಿಡುವುದು ಹಗಲು ಗಿಡ್ಡವಾದ ಮೇಲೆ, ಸೊಗಡು ಏರುವುದು ಚಳಿಗೆ, ಇಬ್ಬನಿಗೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯ ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುವ ಅವರೆಯನ್ನು ಕೊಟ್ಟಿತು, ಬೆಳೆಯುವವರಿಗೆ ಅದರಿಂದ ಉಪಕಾರವಾಯಿತು. ಆದರೆ ಬೇಸಿಗೆಯಲ್ಲಿ ಕೊಂಡ ಅವರೆಕಾಯಿಯನ್ನು ಮೂಸಿ ನೋಡಿ. ಸೊಗಡು ಎಂಬ ಪದ ನಮ್ಮ ಲೇಖನಗಳಲ್ಲಿ ಹೆಚ್ಚುತ್ತಾ ಹೋದದ್ದೂ ಕಾಯಿಯಲ್ಲಿ ಕಡಿಮೆಯಾಗುತ್ತಾ ಬಂದದ್ದೂ ಒಂದೇ ಕಾಲದಲ್ಲಿ. ಹೀಚು, ದೋರೆಗಾಯಿ, ಹಂಬು, ಒಟ್ಟಲು, ಪಾತಿ, ಅಗೆ, ಇವೂ ಬೀಜದ ಜೊತೆ ಬದುಕಿರುವ ಪದಗಳು. ನಿಘಂಟು ಇವನ್ನು ಕಾಪಾಡೀತು, ಉಪ್ಪಿನಕಾಯಿ ಜಾಡಿಯಲ್ಲಿ ಕಾಪಾಡಿದ ಹಾಗೆ.

ಜಾಗವಿಲ್ಲ, ಸಮಯವಿಲ್ಲ, ಬಾಡಿಗೆ ಮನೆ, ಓನರು ತಾರಸಿ ಸೋರುತ್ತದೆ ಎನ್ನುತ್ತಾರೆ. ಎಲ್ಲ ನಿಜ. ಎಲ್ಲವನ್ನೂ ಬೆಳೆದು ಎಲ್ಲದರ ಬೀಜ ಇಡಿ ಎಂದು ಯಾರೂ ಕೇಳುತ್ತಿಲ್ಲ. ಕೆಲವನ್ನು ಕುಂಡದಲ್ಲಿ ಇಡಲಾಗುವುದೂ ಇಲ್ಲ. ಮುಸುಕಿನ ಜೋಳ, ಈರುಳ್ಳಿಗೆ ಹತ್ತಾರು ಗಿಡ ಒಟ್ಟಿಗಿರಬೇಕು, ಇಲ್ಲದಿದ್ದರೆ ತಳಿ ಬರಬರುತ್ತ ಸೊರಗುತ್ತದೆ. ಹೀರೆ, ಸೋರೆ, ಕುಂಬಳಕ್ಕೆ ದುಂಬಿಗಳು ಪಕ್ಕದ ತಾರಸಿಯಿಂದ ಪರಾಗ ತರುತ್ತವೆ. ಶುದ್ಧ ಬೀಜ ಬೇಕೆಂದರೆ ಹೀರೆಯ ಹೂ ಸಂಜೆ ಅರಳುವ ಮುಂಚೆ ಗಂಡು ಹೆಣ್ಣು ಮೊಗ್ಗೆರಡಕ್ಕೂ ದಾರ ಕಟ್ಟಿ, ಆಮೇಲೆ ಕೈಯಿಂದಲೇ ಕೂಡಿಸಿ, ಮತ್ತೆ ಕಟ್ಟಬೇಕು. ಇದು ಎರಡನೆಯ ವರ್ಷದ ಪಾಠ. ಮೊದಲ ವರ್ಷಕ್ಕೆ ಹೂವಿನೊಳಗೇ ತಾನಾಗಿ ಪರಾಗ ಕೂಡುವಂಥವು ಸಾಕು: ಅಲಸಂಡೆ, ಹುರುಳಿಕಾಯಿ, ಚಪ್ಪರದವರೆ, ನಾಟಿ ಟೊಮೆಟೊ. ಟೊಮೆಟೊ ಬೀಜವನ್ನು ಅದರ ರಸದಲ್ಲಿಯೇ ಎರಡು ಮೂರು ದಿನ ಹುಳಿ ಬರಲು ಬಿಟ್ಟು, ಸುತ್ತಲಿನ ಲೋಳೆ ಬಿಟ್ಟ ಮೇಲೆ ತೊಳೆದು ನೆರಳಲ್ಲಿ ಒಣಗಿಸಬೇಕು. ಬೀನ್ಸ್ ಜಾತಿಯವಕ್ಕೆ ಅದೂ ಬೇಡ. ಸಿಪ್ಪೆ ಗರಗರ ಎನ್ನುವವರೆಗೆ ಬಳ್ಳಿಯಲ್ಲಿ ಬಿಟ್ಟರೆ ಮುಗಿಯಿತು.

ಬೀಜ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಶಿರಸಿಯ 'ವನಸ್ತ್ರೀ'ಯಂಥ ಬಳಗಗಳು ಉತ್ತರ ಕೊಟ್ಟಿವೆ. ಮಲೆನಾಡಿನ ಹೆಂಗಸರು ತಮ್ಮ ಹಿತ್ತಲ ಬೀಜಗಳನ್ನು ಒಟ್ಟುಗೂಡಿಸಿ ಮೇಳಗಳಲ್ಲಿ ಹಂಚಿಕೊಳ್ಳುತ್ತಾರೆ, ಮಾರುತ್ತಾರೆ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅಷ್ಟು ದೂರವೂ ಹೋಗಬೇಕಿಲ್ಲ. ಊರಲ್ಲಿ ಯಾರಾದರೂ ಒಬ್ಬರು ಇದ್ದಾರೆ. ದೊಡ್ಡಮ್ಮ, ಅತ್ತೆ, ಪಕ್ಕದ ಮನೆಯ ಅಕ್ಕ, ಗದ್ದೆ ಕೆಲಸಕ್ಕೆ ಬರುವವರು. ಈ ಸಲ ಹೋದಾಗ ಹಪ್ಪಳ ಉಪ್ಪಿನಕಾಯಿಯ ಜೊತೆ ಬೀಜ ಕೇಳಿ. ಬೀಜದಷ್ಟನ್ನೇ ಕೇಳಿ ಬರಬೇಡಿ. ಯಾವ ಕಾಯಿಯನ್ನು ಬಿಟ್ಟಿರಿ, ಯಾಕೆ ಅದನ್ನೇ ಬಿಟ್ಟಿರಿ, ಯಾವ ಮಳೆಗೆ ಹಾಕಬೇಕು ಎಂದು ಕೂತು ಕೇಳಿ, ಬರೆದುಕೊಳ್ಳಿ. ಕವಿಗಳ ಸಂದ‍ರ್ಶನಕ್ಕೆ ಕೂರುವ ಶ್ರದ್ಧೆ ಇದಕ್ಕೂ ಇರಲಿ.

ತಂದ ಬೀಜವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಲಕೋಟೆಯನ್ನು ಗಾಜಿನ ಡಬ್ಬಿಯಲ್ಲಿಟ್ಟು ತಂಪಾದ ಕಡೆ ಇಡಬೇಕು. ಲಕೋಟೆಯ ಮೇಲೆ ನಾಲ್ಕು ವಿವರ: ಏನು, ಯಾವ ಊರಿನದು, ಯಾವ ತಿಂಗಳು ಒಣಗಿಸಿದ್ದು, ಯಾರು ಕೊಟ್ಟದ್ದು. ನಾಲ್ಕನೆಯದನ್ನು ಪೂರ್ತಿ ಹೆಸರು ಹಿಡಿದು ಬರೆಯಿರಿ. 'ಅಜ್ಜಿ' ಎಂದಷ್ಟೇ ಬರೆದರೆ ಸಾಲದು.